ನಲವತ್ತೊಂದಕ್ಕೂ ನಲವತ್ತೆರಡಕ್ಕೂ ನಡುವೆ

ಚಿಂತಾಮಣಿಯಲ್ಲಿ ನನ್ನದೊಂದು ಮ್ಯಾಚಿಂಗ್ ಸೆಂಟರ್.
ಸೀರೆ ತಂದವರಿಗೆ ರವಿಕೆ ಬಟ್ಟೆ, ಲೈನಿಂಗು, ಫಾಲ್ಸು.
ಇಪ್ಪತ್ತೆರಡು ವರ್ಷ ಹಳದಿಗಳ ಜೊತೆ ಬಾಳಿದ್ದೇನೆ:
ನಿಂಬೆ ಬೇರೆ, ಮೆಂತ್ಯ ಬೇರೆ,
ಅರಿಶಿನದ ಕೊಂಬು ಬೇರೆ, ತೇಯ್ದ ಅರಿಶಿನ ಬೇರೆ.
ಬಂದವರಿಗೆಲ್ಲ ಹೇಳುವುದು ಒಂದೇ ಮಾತು,
ಟ್ಯೂಬ್‌ಲೈಟಿನ ಕೆಳಗೆ ಒಪ್ಪಬೇಡಿ,
ಬಾಗಿಲಾಚೆ ಬಿಸಿಲಿಗೆ ಹಿಡಿದು ನೋಡಿ.

ಮನೆಯವರು ಸುಟ್ಟ ಮೋಟರಿಗೆ ತಂತಿ ಸುತ್ತುವವರು.
ಹೋದ ದೀಪಾವಳಿಯಿಂದ ತಾರಸಿ ಮೇಲೆ
ನಾಲ್ಕಿಂಚಿನ ಪೈಪು, ಪೈಪಿಗೆ ತೂತು,
ತೂತಿಗೊಂದು ಬುಟ್ಟಿ, ಬುಟ್ಟಿಗೊಂದು ಪಾಲಕ್ಕು.
ಮಣ್ಣೇ ಇಲ್ಲ. ನೀರಲ್ಲಿ ಕಲಸಿದ ಪುಡಿ ಕುಡಿದು ಬದುಕಬೇಕು.
ಅಳೆಯಲು ಎರಡು ಮೀಟರು, ಬರೆಯಲು ಒಂದು ನೋಟ್‌ಬುಕ್ಕು.
ನನಗಲ್ಲಿ ಕೆಲಸ ಬಟ್ಟೆ ಒಣಹಾಕುವುದು ಮಾತ್ರ.

ಹಾಗೆ ಹರವುತ್ತಿದ್ದ ಒಂದು ಬೆಳಗ್ಗೆ ಕಂಡಿತು:
ನಡುವಿನ ಎಳೆ ಎಲೆ ಹಳದಿ, ನರ ಮಾತ್ರ ಹಸಿರು.
ಮಾಸಿದ ಸೀರೆಯಲ್ಲಿ ಕಸೂತಿಯ ದಾರವೊಂದೇ
ಬಣ್ಣ ಹಿಡಿದು ನಿಂತ ಹಾಗೆ.

"ಸಾರಜನಕ ಕಮ್ಮಿ," ಅಂದರು, ತಲೆ ಎತ್ತದೆ.
ಅಲ್ಲ, ಅಂದೆ. ಅದಾಗಿದ್ದರೆ ತಳದ ಎಲೆ ಮೊದಲು,
ಇಡೀ ಎಲೆ, ನರ ಸಮೇತ,
ಒಗೆದೊಗೆದು ಸೋತ ಲಂಗದ ಹಾಗೆ ಬಿಳಿಚುತ್ತಿತ್ತು.
ನೀವೇ ಗೋಡೆಗೆ ಅಂಟಿಸಿದ ಚಾರ್ಟು,
ನಿಮ್ಮ ಪಂಚೆ ಒಣಗುವ ತನಕ ಓದಿದ್ದೇನೆ.
ಹಳೆ ಎಲೆ ಸಾರಜನಕವನ್ನು ಚಿಗುರಿಗೆ ಬಿಟ್ಟುಕೊಡುತ್ತದಂತೆ,
ಕಬ್ಬಿಣವನ್ನು ಕೊಡುವುದಿಲ್ಲವಂತೆ.
ಅದನ್ನು ತ್ಯಾಗ ಅನ್ನಬೇಡಿ, ಇದನ್ನು ಜಿಪುಣತನ ಅನ್ನಬೇಡಿ.
ಒಂದು ಹರಿಯುವ ಜಾತಿ, ಒಂದು ಕೂತಲ್ಲೇ ಕೂರುವ ಜಾತಿ.
ಯಾವ ಎಲೆ ಮೊದಲು? ಅಷ್ಟೇ ಕೇಳಬೇಕು.

ಕಬ್ಬಿಣದ ಪುಡಿ ಹಾಕಿದರು. ಹಳದಿ.
ಇನ್ನೊಂದು ಚಮಚ. ತೊಟ್ಟಿಯ ನೀರು ಡಿಕಾಕ್ಷನ್,
ಎಲೆ ಮಾತ್ರ ಹಳದಿ.
ಮೂರು ದಿನ ನನ್ನೊಡನೆ ಮಾತಿಲ್ಲ,
ಎಲೆಗೆ ನಾನೇ ಹೇಳಿಕೊಟ್ಟ ಹಾಗೆ.

ಆ ಮಧ್ಯಾಹ್ನ ಅಂಗಡಿಯಲ್ಲಿ ನಗೀನಾ ಕೂಗಿದಳು:
"ಅಕ್ಕಾ, ಪಾಚಿ ಹಸಿರು ಮುಗೀತು."
ಮುಗಿದಿಲ್ಲ, ನನಗೆ ಗೊತ್ತು. ಮೇಲಿನ ಸಾಲಿನಲ್ಲಿದೆ.
ಏಣಿಯನ್ನು ಪಕ್ಕದ ಪಾತ್ರೆ ಅಂಗಡಿಯವರು ಒಯ್ದಿದ್ದಾರೆ.
ಕೈಯಲ್ಲಿ ಕತ್ತರಿ ಹಾಗೇ ನಿಂತಿತು.
ನಮ್ಮ ಬೋರಿನ ನೀರು,
ಸಾವಿರದಿನ್ನೂರು ಅಡಿಯಿಂದ ಸುಣ್ಣ ಹೊತ್ತು ಬರುವ ನೀರು,
ಬಿಂದಿಗೆಯ ಕಂಠಕ್ಕೆ ಬಿಳಿ ಗೆರೆ,
ಬೇಳೆ ಬೇಯದು, ಸೋಪು ನೊರೆಗಟ್ಟದು.
ಆ ನೀರಲ್ಲಿ ಕಬ್ಬಿಣ ಮೇಲಿನ ಸಾಲಿನ ಥಾನು.
ಪಿಹೆಚ್ ಮೀಟರಿನ ಸೆಲ್ಲು ಸತ್ತು ತಿಂಗಳಾಗಿತ್ತು.

ರಾತ್ರಿ ಹೇಳಿದೆ. ಹೂಂ ಅನ್ನಲಿಲ್ಲ.
ಬೆಳಗ್ಗೆ ತಾರಸಿಯಲ್ಲಿ, ಹೊಸ ಸೆಲ್ಲು ಹಾಕಿ,
ಹುಳಿ ಬೆರೆಸಿ ಅದ್ದಿ, ಬೆರೆಸಿ ಅದ್ದಿ,
ಎಂಟೂ ಕಾಲಿನಿಂದ ಆರಕ್ಕೆ ಇಳಿಸುತ್ತ ಕೂತಿದ್ದರು,
ಮಗುವಿನ ಜ್ವರ ನೋಡುವವರ ಹಾಗೆ.

ಆರನೆಯ ದಿನ ಹಸಿರು ಚಿಗುರು.
"ಸರಿಹೋಯ್ತು," ಅಂದರು, ಚಿಗುರಿಗೆ.
ಹಳದಿಯಾದವುಗಳಲ್ಲಿ ಒಂದೆರಡು ಹಾಗೇ ಉಳಿದವು.
ಒಂದನ್ನು ಕಿತ್ತು ಶೇಡ್ ಕಾರ್ಡಿನಲ್ಲಿ,
ನಲವತ್ತೊಂದು ನಿಂಬೆಗೂ ನಲವತ್ತೆರಡು ಗಿಳಿಗೂ ನಡುವೆ ಇಟ್ಟೆ.
(ಟೊಮೇಟೊ ವಿಷಯ ಕೇಳಬೇಡಿ.
ಸುಣ್ಣದ ನೀರಲ್ಲೇ ಬೇರಿಟ್ಟು, ಸುಣ್ಣ ಸಾಲದೆ
ಕಾಯಿಯ ತಳ ಕಪ್ಪಾಗಿದೆ.
ಕರೆಂಟು ಹೋದಾಗ ಪಂಪು ನಿಂತದ್ದಕ್ಕೆ ಅಂತ ನಾನು,
ಅಲ್ಲ ಅಂತ ಅವರು.)

ನಿನ್ನೆ ಕೈವಾರದ ಕಡೆಯ ಒಬ್ಬಳು,
ನಿಶ್ಚಿತಾರ್ಥದ ಸೀರೆಯನ್ನು ಪೇಪರಿನಲ್ಲಿ ಸುತ್ತಿ ತಂದವಳು,
ತೋರಿಸಿದ ಹಳದಿಯನ್ನೆಲ್ಲ ಬೇಡ ಅಂದಳು.
ಕಾರ್ಡು ತಿರುವಿ, ಒಣಗಿದ ಎಲೆಯ ಮೇಲೆ ಬೆರಳಿಟ್ಟು,
ಎದ್ದು ಬಿಸಿಲಿಗೆ ಹೋಗಿ ಸೆರಗಿನ ಪಕ್ಕ ಹಿಡಿದಳು.
ಕೂಡಿತು.

"ಇದೇ ಅಕ್ಕಾ. ಮೀಟರಿಗೆ ಎಷ್ಟು?"